ಒಂದು ಕುಳಿಯ ಬೆಲೆ

ಸಂಪಾದಕರು ಈ ಸಂಚಿಕೆಗೆ ನನ್ನಿಂದ ಕೇಳಿದ್ದು ಒಂದು ಪುಸ್ತಕ ಪರಿಚಯ. ಆ ಪುಸ್ತಕ ಇನ್ನೂ ಮೇಜಿನ ಮೇಲೆ ಹಾಗೇ ಇದೆ. ಅದರ ಮೇಲೆ ಓಕ್ ಮರದ ಪುಡಿ ಕೂತಿದೆ. ಹಾಗಾಗಿ ಪುಡಿಯ ಕಥೆಯನ್ನೇ ಬರೆಯುತ್ತಿದ್ದೇನೆ, ಕ್ಷಮೆಯಿರಲಿ. ಇದು ಎರಡು ಮರದ ತುಂಡುಗಳನ್ನು ಜೋಡಿಸುವ ಒಂದು ಹಳೆಯ ಉಪಾಯದ ಚರಿತ್ರೆ. ನಾವಿರುವ ಈ ನೆದರ್‌ಲ್ಯಾಂಡ್ಸಿನ ಕೆಸರಿನಲ್ಲೇ ಅದರ ಒಂದು ಅಧ್ಯಾಯ ಹೂತುಹೋಗಿತ್ತು ಎನ್ನುವುದು ನನಗೆ ತಿಳಿದದ್ದು ತೀರ ಇತ್ತೀಚೆಗೆ.

ಶುರುವಾದದ್ದು ಅಮ್ಮನಿಂದ. ಹೋದ ವರ್ಷ ಬೇಸಿಗೆಯಲ್ಲಿ ಅಮ್ಮ ತಿಪಟೂರಿನಿಂದ ಮೂರು ತಿಂಗಳ ವೀಸಾದ ಮೇಲೆ ಐಂಡ್‌ಹೋವನ್ನಿಗೆ ಬಂದಿದ್ದಳು. ಮಂಡಿ ನೋವು, ನೆಲದ ಮೇಲೆ ಕೂತು ಪೂಜೆ ಮಾಡಲು ಆಗುವುದಿಲ್ಲ. ಕುರ್ಚಿಯ ಮೇಲೆ ಕೂರೋಣವೆಂದರೆ ಅದು ನಮ್ಮ ಮನೆಯ ದೇವರ ಗೂಡಿಗಿಂತ ಎತ್ತರ. ದೇವರಿಗಿಂತ ಮೇಲೆ ಕೂರಲು ಅವಳಿಗೆ ಮನಸ್ಸಿಲ್ಲ. ಸರಿ, ನಾನೇ ಒಂದು ಗಿಡ್ಡ ಬೆಂಚು ಮಾಡಿಕೊಡುತ್ತೇನೆ ಎಂದೆ. ಹಲಗೆ ತಂದು, ಕಾಲುಗಳಿಗೂ ಅಡ್ಡಪಟ್ಟಿಗಳಿಗೂ ತೂತು ಕೊರೆದು, ಅಂಗಡಿಯಲ್ಲಿ ಚೀಲಗಟ್ಟಲೆ ಸಿಗುವ ಡೋವೆಲ್ ಎಂಬ ಗುಂಡನೆಯ ಕಡ್ಡಿಗಳನ್ನು ಅಂಟು ಹಚ್ಚಿ ಸೇರಿಸಿದೆ. ನೋಡಲು ಚೆನ್ನಾಗಿಯೇ ಇತ್ತು. ಮೂರನೆಯ ವಾರ, ಮಂಗಳಾರತಿಗೆ ಏಳುವಾಗ ಅಮ್ಮ ಒಂದು ಪಕ್ಕಕ್ಕೆ ಭಾರ ಹಾಕಿದಳು. ಕಾಲು ಕಳಚಿತು. ಮೊಣಕೈ ತರಚಿದ್ದು ಬಿಟ್ಟರೆ ದೊಡ್ಡ ಪೆಟ್ಟೇನೂ ಆಗಲಿಲ್ಲ. "ನನ್ನ ಭಾರವೇ ಜಾಸ್ತಿ ಆಯ್ತು ಕಣೋ" ಎಂದು ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು. ಆಮೇಲೆ ಊರಿಗೆ ಹೊರಡುವವರೆಗೂ ನಿಂತೇ ಪೂಜೆ ಮಾಡಿದಳು. ಬೆಂಚನ್ನು ರಿಪೇರಿ ಮಾಡಿಕೊಟ್ಟರೂ ಅದರ ಮೇಲೆ ಕೂರಲಿಲ್ಲ.

ಬರೆದ ಪ್ರೋಗ್ರಾಮು ಕೆಟ್ಟರೆ ಲಾಗ್ ತೆಗೆದು ನೋಡುವ ಅಭ್ಯಾಸದವನು ನಾನು. ಕಳಚಿದ ಕಾಲನ್ನು ಹಾಗೆಯೇ ನೋಡಿದೆ. ಕಾರಣ ಸರಳವಾಗಿತ್ತು. ಮರದ ಎಳೆಗಳು ಉದ್ದುದ್ದಕ್ಕೆ ಓಡುತ್ತವೆ. ಎಳೆಯ ಮಗ್ಗುಲಿಗೆ ಹಚ್ಚಿದ ಅಂಟು ಗಟ್ಟಿಯಾಗಿ ಹಿಡಿಯುತ್ತದೆ. ಎಳೆ ಕತ್ತರಿಸಿದ ತುದಿಗೆ ಹಚ್ಚಿದ್ದು ಹಿಡಿಯುವುದು ಅಷ್ಟಕ್ಕಷ್ಟೆ. ಬೆಂಚಿನ ಕಾಲಿಗೆ ಪಕ್ಕದಿಂದ ಗುಂಡನೆಯ ತೂತು ಕೊರೆದರೆ ಅದರ ಮೇಲಿನ ಕೆಳಗಿನ ಗೋಡೆಗಳಲ್ಲಿ ಬರೀ ಕತ್ತರಿಸಿದ ತುದಿಗಳು. ಎಡಬಲಗಳಲ್ಲಿ ಮಾತ್ರ ಎರಡು ಸಣ್ಣ ಗೀರುಗಳಷ್ಟು ಜಾಗದಲ್ಲಿ ಅಂಟು ಕಚ್ಚಿರುತ್ತದೆ. ಅಮ್ಮನ ಭಾರವನ್ನು ನಾನು ಆ ಗೀರುಗಳ ಮೇಲೆ ಕೂರಿಸಿದ್ದೆ.

ಇದಕ್ಕೆ ಬಡಗಿಗಳ ಉತ್ತರ ಎಲ್ಲರಿಗೂ ಗೊತ್ತಿರುವಂಥದ್ದು. ಊರಿನ ಹಳೆಯ ಬಾಗಿಲುವಾಡ, ಮಂಚ, ತೊಟ್ಟಿಲು ಯಾವುದನ್ನಾದರೂ ನೋಡಿ: ಒಂದು ಮರದಲ್ಲಿ ಉದ್ದನೆಯ ಕುಳಿ, ಇನ್ನೊಂದರ ತುದಿಯಲ್ಲಿ ಅದರೊಳಗೆ ಕೂರುವ ನಾಲಗೆ. ಇಂಗ್ಲಿಷಿನಲ್ಲಿ ಇವು ಮಾರ್ಟೈಸ್ ಮತ್ತು ಟೆನನ್. ಡಚ್ಚರ ಮಾತಿನಲ್ಲಿ ಇದು 'ಪೆನ್ ಎನ್ ಗಾಟ್', ಅಂದರೆ ಪೆನ್ನು ಮತ್ತು ತೂತು. ಬರೆಯುವ ಪೆನ್ನಿಗೂ ಜೋಡಿಸುವ ನಾಲಗೆಗೂ ಅವರಲ್ಲಿ ಒಂದೇ ಪದ ಎನ್ನುವುದು ನಮ್ಮ ಬಳಗದವರಿಗೆ ಹಿಡಿಸಬಹುದು. ಈ ಜೋಡಣೆಯಲ್ಲಿ ಒಂದು ಉಪಜಾತಿ ಇದೆ. ಎರಡೂ ಮರಗಳಲ್ಲಿ ಕುಳಿಯನ್ನೇ ತೋಡಿ, ನಾಲಗೆಯನ್ನು ಬೇರೆ ಮರದಿಂದ ಮಾಡಿ ನಡುವೆ ಸೇರಿಸುವುದು. ಇದು ಲೂಸ್ ಟೆನನ್, ನಮ್ಮ ಮಟ್ಟಿಗೆ ಬಿಡಿ ನಾಲಗೆ ಎನ್ನೋಣ. (ನಾಲಗೆ ಸಡಿಲವಿರುವವರು ಬಳಗದಲ್ಲಿ ಯಾರ್‍ಯಾರು ಎಂಬ ಚರ್ಚೆ ಬೇಡ.) ನಾಲಗೆ ಕಡೆಯುವ ಕಷ್ಟವಿಲ್ಲ, ಅಡ್ಡಪಟ್ಟಿಯ ಅಳತೆ ತಪ್ಪುವುದಿಲ್ಲ, ಎರಡೂ ಕಡೆ ಕೆಲಸ ಒಂದೇ: ಕುಳಿ ತೋಡುವುದು. ಹೊಸಗಾಲದ ಸುಲಭೋಪಾಯ ಎಂದೇ ನಾನು ಅಂದುಕೊಂಡಿದ್ದೆ. ತಪ್ಪು ತಿಳಿವಳಿಕೆ.

ಯುಟ್ರೆಕ್ಟ್ ನಗರದ ಪಕ್ಕದಲ್ಲಿ ವೆಖ್ಟನ್ ಎಂಬ ಜಾಗವಿದೆ. ಎರಡು ಸಾವಿರ ವರ್ಷಗಳ ಹಿಂದೆ ಅಲ್ಲಿ ಫೆಕ್ಟಿಯೊ ಎಂಬ ರೋಮನ್ ಕೋಟೆ ಇತ್ತು. ರೈನ್ ನದಿ ಆಗ ಸಾಮ್ರಾಜ್ಯದ ಉತ್ತರದ ಎಲ್ಲೆ. 1893ರಲ್ಲಿ ಅಲ್ಲಿ ನೆಲ ಅಗೆದಾಗ ಒಂದು ಹಡಗಿನ ಅವಶೇಷ ಸಿಕ್ಕಿತು. ಅದರ ಹಲಗೆಗಳ ಅಂಚುಗಳಲ್ಲಿ ಎದುರುಬದುರಾಗಿ ಕುಳಿಗಳು, ಕುಳಿಗಳಲ್ಲಿ ಬಿಡಿ ನಾಲಗೆಗಳು. ನಾಲಗೆ ಜಾರದಂತೆ ಅಡ್ಡಕ್ಕೆ ಹೊಡೆದ ಮರದ ಬೆಣೆಗಳು. ಇದು ಮೆಡಿಟರೇನಿಯನ್ ಸಮುದ್ರದವರ ಪದ್ಧತಿ. ರೈನ್ ದಂಡೆಯ ಜನರದಲ್ಲ. ಇಲ್ಲಿಯವರ ಪದ್ಧತಿ ಹೇಗಿತ್ತೆಂದು ನೋಡಬೇಕಾದರೆ ಹತ್ತಿರದ ದೆ ಮೇರ್ನ್‌ಗೆ ಹೋಗಬೇಕು. ಅಲ್ಲಿ 1997ರಲ್ಲಿ ಪತ್ತೆಯಾಗಿ 2003ರಲ್ಲಿ ಮೇಲೆತ್ತಿದ, ಕ್ರಿ.ಶ. 148ರ ಸುಮಾರಿಗೆ ಕಟ್ಟಿದ, 25 ಮೀಟರ್ ಉದ್ದದ ಚಪ್ಪಟೆ ತಳದ ಸರಕಿನ ದೋಣಿ ಈಗ ಹೋಖೆ ವುರ್ಡ್ ಎಂಬ ಮ್ಯೂಸಿಯಮ್ಮಿನಲ್ಲಿದೆ. ದಪ್ಪ ಹಲಗೆ, ಅಡ್ಡಪಟ್ಟಿ, ಮುಖ್ಯವಾಗಿ ಕಬ್ಬಿಣದ ಮೊಳೆ. ಆ ದೋಣಿಯ ಕೋಣೆಯಲ್ಲಿ ಅಂಬಿಗನ ಸಾಮಾನುಗಳ ಜೊತೆ ಬಡಗಿಯ ಉಪಕರಣಗಳೂ ಸಿಕ್ಕಿವೆ. ವೆಖ್ಟನ್ನಿನ ಹಡಗು ಹೇಳುವುದು ಇಷ್ಟೇ: ದಕ್ಷಿಣದಿಂದ ಬಂದ ಸೈನ್ಯದ ಜೊತೆ ಒಬ್ಬ ಬಡಗಿಯೋ ಅವನಿಂದ ಕಲಿತವನೋ ಬಂದಿದ್ದ, ಮತ್ತು ಪರದೇಶದಲ್ಲೂ ತನ್ನೂರಿನ ರೀತಿಯಲ್ಲೇ ಕೆಲಸ ಮಾಡಿದ. ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅವನೂರಿನಲ್ಲಿ ಈ ವಿದ್ಯೆ ಆಗಲೇ ಬಹಳ ಹಳೆಯದು. ಈಜಿಪ್ಟಿನಲ್ಲಿ 1954ರಲ್ಲಿ ಮಹಾ ಪಿರಮಿಡ್ಡಿನ ಮಗ್ಗುಲಲ್ಲಿ ಸಿಕ್ಕ ಖುಫು ದೊರೆಯ ಹಡಗು, ಸುಮಾರು ನಾಲ್ಕೂವರೆ ಸಾವಿರ ವರ್ಷ ಹಿಂದಿನದು, 43 ಮೀಟರ್ ಉದ್ದ. ಅದರ ದೇವದಾರು ಹಲಗೆಗಳನ್ನು ಹಗ್ಗದಿಂದ ಬಿಗಿದಿದ್ದರು. ಹಲಗೆಗಳು ಒಂದರ ಮೇಲೊಂದು ಜಾರದಂತೆ ನಡುವೆ ಬಿಡಿ ನಾಲಗೆಗಳಿದ್ದವು. ಟರ್ಕಿಯ ಉಲುಬುರುನ್ ಎಂಬಲ್ಲಿ ಕ್ರಿ.ಪೂ. 14ನೆಯ ಶತಮಾನದ ಕೊನೆಯಲ್ಲಿ ಮುಳುಗಿದ ಹಡಗಿನಲ್ಲಿ ನಾಲಗೆಗೆ ಬೆಣೆಯೂ ಬಂದಿದೆ. ಒಮ್ಮೆ ಬೆಣೆ ಹೊಡೆದರೆ ಮುಗಿಯಿತು, ಹಗ್ಗ ಬೇಡ. ರೋಮನ್ನರು ಈ ಜೋಡಣೆಯನ್ನು ಕರೆದದ್ದು ಪ್ಯುನಿಕ್ ಜೋಡಣೆ ಎಂದು, ಕ್ರಿ.ಪೂ. 2ನೆಯ ಶತಮಾನದಲ್ಲಿ ಕೇಟೋ ಬರೆದ ಬೇಸಾಯದ ಪುಸ್ತಕದಲ್ಲಿ ಆ ಹೆಸರಿದೆ. ಅಂದರೆ ತಮ್ಮ ಶತ್ರುಗಳಾದ ಕಾರ್ಥೇಜಿನವರ ಹೆಸರಿನಲ್ಲೇ ಅದನ್ನು ಬಳಸುತ್ತಿದ್ದರು. ಹೋಮರನ ಒಡಿಸ್ಸಿಯ ಐದನೆಯ ಸರ್ಗದಲ್ಲಿ ಒಡಿಸ್ಯೂಸ್ ತನ್ನ ತೆಪ್ಪವನ್ನು ತಾನೇ ಕಟ್ಟುವಾಗ ಜೋಡಣೆಗೆ ಬರುವ ಗ್ರೀಕ್ ಪದ 'ಹಾರ್ಮೋನಿಯಾ'. ಸಂಗೀತದ ಹಾರ್ಮನಿಯೂ ನಮ್ಮ ಹಾರ್ಮೋನಿಯಮ್ಮೂ ಹುಟ್ಟಿದ್ದು ಆ ಪದದಿಂದಲೇ.

ಇಷ್ಟು ಗಟ್ಟಿಯಾದ ಪದ್ಧತಿ ಯಾಕೆ ಬಿಟ್ಟುಹೋಯಿತು? ಉತ್ತರ ಹಡಗುಗಳಲ್ಲೇ ಇದೆ. ಸೈಪ್ರಸ್ಸಿನ ಕಿರೇನಿಯಾ ಬಳಿ ಕ್ರಿ.ಪೂ. 3ನೆಯ ಶತಮಾನದ ಆರಂಭದಲ್ಲಿ ಮುಳುಗಿದ ಸುಮಾರು 14 ಮೀಟರ್ ಉದ್ದದ ಸಾಧಾರಣ ವ್ಯಾಪಾರದ ಹಡಗಿನಲ್ಲಿ 12 ಸೆಂಟಿಮೀಟರಿಗೊಂದರಂತೆ ನಾಲಗೆಗಳಿದ್ದವು. ಪ್ರತಿ ಹಲಗೆಯ ಎರಡೂ ಅಂಚುಗಳಲ್ಲಿ, ಇಡೀ ಉದ್ದಕ್ಕೆ. ಸಾವಿರಾರು ಕುಳಿಗಳು, ಎಲ್ಲವೂ ಬೈರಿಗೆ ಉಳಿಗಳಿಂದ ತೋಡಿದವು. ಟರ್ಕಿಯ ಯಾಸ್ಸಿ ಅದಾ ಬಳಿ ಕ್ರಿ.ಶ. 7ನೆಯ ಶತಮಾನದಲ್ಲಿ ಮುಳುಗಿದ ಹಡಗಿಗೆ ಬಂದರೆ ಕುಳಿಗಳು ದೂರ ದೂರ ಸರಿದಿವೆ, ಬೆಣೆ ಮಾಯವಾಗಿದೆ, ಮೇಲ್ಭಾಗದ ಹಲಗೆಗಳನ್ನು ನೇರವಾಗಿ ಪಕ್ಕೆಲುಬುಗಳಿಗೆ ಮೊಳೆ ಹೊಡೆದಿದ್ದಾರೆ. 11ನೆಯ ಶತಮಾನದ ಸೆರ್ಚೆ ಲಿಮಾನಿ ಹಡಗಿನಲ್ಲಿ ನಾಲಗೆಗಳೇ ಇಲ್ಲ. ಮೊದಲು ಪಕ್ಕೆಲುಬು ನಿಲ್ಲಿಸಿ, ಆಮೇಲೆ ಅದಕ್ಕೆ ಹಲಗೆ ಹೊಡೆಯುವ ಪದ್ಧತಿ ಬಂದಿದೆ. ಕೂಲಿಯ ಲೆಕ್ಕ ಇದಕ್ಕೆ ಒಂದು ಮುಖ್ಯ ಕಾರಣ ಎನ್ನುತ್ತಾರೆ ಬಲ್ಲವರು. ಜೋಡಣೆಯಲ್ಲಿ ದೋಷವಿರಲಿಲ್ಲ. ಕುಳಿ ದುಬಾರಿಯಾಗಿತ್ತು.

ನಮ್ಮ ಪಶ್ಚಿಮ ಕರಾವಳಿಯವರು ಕುಳಿಯ ಗೋಜಿಗೇ ಹೋಗದೆ ಬೇರೆ ದಾರಿ ಹಿಡಿದಿದ್ದರು. ಹಲಗೆಯ ಅಂಚಿನಲ್ಲಿ ಸಣ್ಣ ಸಣ್ಣ ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಹೊಲಿಯುವುದು. ಆ ಪದ್ಧತಿಯಲ್ಲಿ ಕಟ್ಟಿದ ಕೌಂಡಿಣ್ಯ ಎಂಬ ಹಾಯಿ ಹಡಗನ್ನು 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿಸಿಕೊಂಡರು. ತಿಪಟೂರಿನವನಾದ ನನಗೆ ತೆಂಗಿನ ನಾರು ಸಮುದ್ರವನ್ನೂ ತಡೆಯುತ್ತದೆ ಎಂದು ಕೇಳಿ ಸ್ವಲ್ಪ ಹೆಮ್ಮೆಯೇ ಆಯಿತು. ಬೆಂಚಿಗೆ ಮಾತ್ರ ಅದು ಆಗಿಬರುವುದಿಲ್ಲ.

ಮತ್ತೆ ನೆದರ್‌ಲ್ಯಾಂಡ್ಸಿಗೆ ಬರೋಣ. 1593ರಲ್ಲಿ ಔಟ್‌ಖೇಸ್ಟ್ ಎಂಬ ಊರಿನ ಕಾರ್ನೆಲಿಸ್ ಕಾರ್ನೆಲಿಸ್‌ಜೋನ್ ಗಾಳಿಯಿಂದ ಮರ ಕೊಯ್ಯುವ ಗಿರಣಿಗೆ ಪೇಟೆಂಟ್ ಪಡೆದ. ರೆಕ್ಕೆಗಳ ಸುತ್ತಾಟವನ್ನು ಕ್ರ್ಯಾಂಕಿನ ಮೂಲಕ ಗರಗಸದ ಮೇಲೆ ಕೆಳಗೆ ಓಟವಾಗಿ ಬದಲಿಸುವ ಯಂತ್ರ. ಜಾನ್ಸೆ ಸ್ಖಾನ್ಸಿಗೆ ಹೋದವರು 'ಹೆಟ್ ಯೊಂಗೆ ಸ್ಖಾಪ್' ಗಿರಣಿಯೊಳಗೆ ಇದನ್ನು ಕಣ್ಣಾರೆ ನೋಡಬಹುದು. 2007ರಲ್ಲಿ ಹಳೆಯ ನಕ್ಷೆಯಂತೆ ಮತ್ತೆ ಕಟ್ಟಿದ್ದು. ಗಾಳಿಯಿಂದ ಹಲಗೆ ಅಗ್ಗವಾಯಿತು, ಡಚ್ಚರ ಹಡಗುಗಳು ಲೋಕವೆಲ್ಲ ಸುತ್ತಿದವು. ಆದರೆ ಕುಳಿ ಅಗ್ಗವಾಗಲಿಲ್ಲ. ಹಾಗಾಗಿ ಡಚ್ ಬಡಗಿಗಳು ತಳದ ಹಲಗೆಗಳನ್ನು ಅಕ್ಕಪಕ್ಕ ಇಟ್ಟು ತಾತ್ಕಾಲಿಕ ಮರದ ಪಟ್ಟಿಗಳನ್ನು ಮೊಳೆಯಿಂದ ಹೊಡೆದು ಹಿಡಿಸುತ್ತಿದ್ದರು. ಪಕ್ಕೆಲುಬು ಕೂರಿಸಿದ ಮೇಲೆ ಪಟ್ಟಿ ಕಿತ್ತು, ಮೊಳೆಯ ತೂತುಗಳಿಗೆ ಪುಟ್ಟ ಮರದ ಕಡ್ಡಿ ತುರುಕುತ್ತಿದ್ದರು. ಆ ಕಡ್ಡಿಯ ಹೆಸರೂ 'ಸ್ಪೈಕರ್‌ಪೆನ್', ಮತ್ತೊಂದು ಪೆನ್ನು! ನಿಕೊಲಾಸ್ ವಿಟ್ಸನ್ 1671ರಲ್ಲಿ ಹಡಗು ಕಟ್ಟುವ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲಿ ಈ ಪದ್ಧತಿಯ ವಿವರವಿದೆ. ಇಂದಿಗೂ ಪುರಾತತ್ತ್ವಜ್ಞರು ಒಂದು ಹಡಗು ಡಚ್ಚರದೋ ಅಲ್ಲವೋ ಎಂದು ತಿಳಿಯಲು ಆ ಕಡ್ಡಿಗಳನ್ನು ಹುಡುಕುತ್ತಾರೆ.

ಕುಳಿಯ ಬೆಲೆ ಮೊದಲು ಇಳಿದದ್ದು ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಲ್ಲಿ, 1800ರ ನಂತರದ ಮೊದಲ ದಶಕದಲ್ಲಿ. ನೌಕಾಪಡೆಗೆ ಹಗ್ಗ ಎಳೆಯುವ ಮರದ ರಾಟೆಗಳು ವರ್ಷಕ್ಕೆ ಲಕ್ಷಕ್ಕೂ ಮೀರಿ ಬೇಕಿದ್ದವು. ಪ್ರತಿ ರಾಟೆಗೂ ಒಂದು ಕುಳಿ. ಮಾರ್ಕ್ ಬ್ರುನೆಲ್ ಯೋಜಿಸಿ ಹೆನ್ರಿ ಮಾಡ್ಸ್ಲೆ ಕಟ್ಟಿಕೊಟ್ಟ ಯಂತ್ರಗಳ ಸಾಲಿನಲ್ಲಿ ಕುಳಿ ತೋಡಲೆಂದೇ ಯಂತ್ರಗಳಿದ್ದವು. 110 ಜನರ ಕೆಲಸವನ್ನು ಹತ್ತು ಜನ ಮಾಡತೊಡಗಿದರು. ಆದರೆ ಅವು ಕಾರ್ಖಾನೆಯ ಯಂತ್ರಗಳು. ಮನೆಯ ಗ್ಯಾರೇಜಿನಲ್ಲಿ ಬೆಂಚು ಮಾಡುವವನ ಕೈಗೆ ಕುಳಿ ಅಗ್ಗವಾಗಿ ಸಿಗಲು ಇನ್ನೂ ನೂರೈವತ್ತು ವರ್ಷ ಬೇಕಾಯಿತು. ಅದನ್ನು ತಂದದ್ದು ರೌಟರ್.

"ಒಂದು ರೌಟರ್ ತಗೋಬೇಕು" ಎಂದಾಗ ಹೆಂಡತಿ, "ಇರೋದು ಚೆನ್ನಾಗೇ ಇದೆಯಲ್ಲ ರೀ, ವೈಫೈ ಮಹಡಿಗೂ ಬರ್ತಾ ಇದೆ" ಎಂದಳು. ಎರಡಕ್ಕೂ ಕಾಗುಣಿತ ಒಂದೇ ಆದರೂ ಮೂಲ ಬೇರೆ. ನೆಟ್‌ವರ್ಕಿನದು ದಾರಿ ಎಂಬ ಪದದಿಂದ ಬಂತು. ಬಡಗಿಯದು ಹಂದಿ ಮೂತಿಯಿಂದ ನೆಲ ಕೆದಕುವುದಕ್ಕೆ ಇರುವ ಇಂಗ್ಲಿಷ್ ಪದದಿಂದ ಬಂತು. ಕೆಲಸವೂ ಅದೇ. ಮೋಟಾರಿನ ತುದಿಗೆ ಬಿಟ್ ಎಂಬ ಅಲಗನ್ನು ಸಿಕ್ಕಿಸಿ ನಿಮಿಷಕ್ಕೆ ಇಪ್ಪತ್ತು ಸಾವಿರದಷ್ಟು ಸುತ್ತು ತಿರುಗಿಸಿ ಮರವನ್ನು ಕೆದಕುವುದು. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸಿರಾಕ್ಯೂಸಿನಲ್ಲಿ ಆರ್. ಎಲ್. ಕಾರ್ಟರ್ ಕೈಯಲ್ಲಿ ಹಿಡಿಯುವ ವಿದ್ಯುತ್ ರೌಟರ್ ಮಾಡಿ ಮಾರಿದ; 1929ರಲ್ಲಿ ಆ ವ್ಯಾಪಾರ ಸ್ಟ್ಯಾನ್ಲಿ ಕಂಪನಿಯ ಪಾಲಾಯಿತು. ಆದರೆ ಅದರ ಅಲಗು ಒಂದೇ ಆಳಕ್ಕೆ ನಿಂತಿರುತ್ತಿತ್ತು. 1950ರ ಆಸುಪಾಸಿನಲ್ಲಿ ಜರ್ಮನಿಯ ಎಲು ಕಂಪನಿ ಮೋಟಾರನ್ನು ಎರಡು ಕಂಬಗಳ ಮೇಲೆ ಸ್ಪ್ರಿಂಗಿನಲ್ಲಿ ಕೂರಿಸಿತು. ಒತ್ತಿದರೆ ಅಲಗು ಮರದೊಳಗೆ ಇಳಿಯುತ್ತದೆ, ಬಿಟ್ಟರೆ ಮೇಲೆ ಬರುತ್ತದೆ. ಕುಳಿ ತೋಡಲು ಬೇಕಾದದ್ದು ಇದೇ ಚಲನೆ. ಹಾಗೆ, ರೋಮನ್ ಬಡಗಿ ಉಳಿ ಹಿಡಿದು ಬಹಳ ಹೊತ್ತು ಮಾಡುತ್ತಿದ್ದ ಕೆಲಸ ಎರಡು ನಿಮಿಷಕ್ಕೆ ಇಳಿಯಿತು. ಬಿಡಿ ನಾಲಗೆಗೂ ಮರುಜನ್ಮ ಬಂತು.

ಅಲಗಿನ ಕಥೆಯಲ್ಲಿ ನಮ್ಮೂರೂ ಬರುತ್ತದೆ. ಉಕ್ಕಿನ ಅಲಗು ಈ ವೇಗದಲ್ಲಿ ಬೇಗ ಮೊಂಡಾಗುತ್ತದೆ. ಬರ್ಲಿನ್ನಿನ ಓಸ್ರಾಮ್ ಬಲ್ಬ್ ಕಂಪನಿಯವರು ಟಂಗ್‌ಸ್ಟನ್ ತಂತಿಯನ್ನು ವಜ್ರದ ತೂತುಗಳ ಮೂಲಕ ಎಳೆಯುತ್ತಿದ್ದರು. ವಜ್ರಕ್ಕೆ ಬದಲಿ ಹುಡುಕುತ್ತ ಅಲ್ಲಿಯ ಕಾರ್ಲ್ ಶ್ರೋಟರ್ ಟಂಗ್‌ಸ್ಟನ್ ಕಾರ್ಬೈಡ್ ಪುಡಿಯನ್ನು ಕೋಬಾಲ್ಟ್ ಜೊತೆ ಬೆಸೆಯುವ ವಿಧಾನಕ್ಕೆ 1923ರಲ್ಲಿ ಪೇಟೆಂಟ್ ಪಡೆದ. ಎಸೆನ್ನಿನ ಕ್ರುಪ್ ಕಂಪನಿ, ನಮ್ಮ ಮನೆಯಿಂದ ನೂರು ಕಿಲೋಮೀಟರ್ ಆಸುಪಾಸಿನಲ್ಲಿ, ಅದನ್ನು 'ವೀಡಿಯಾ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. 'ವಜ್ರದ ಹಾಗೆ' ಎನ್ನುವುದಕ್ಕೆ ಜರ್ಮನ್ ಮಾತಿನ ಸಂಕ್ಷೇಪ ಅದು. 1964ರಲ್ಲಿ ವಿಡಿಯಾ ಇಂಡಿಯಾ ಸ್ಥಾಪನೆಯಾಗಿ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಕಾರ್ಖಾನೆ ಬಂತು. ಈಗ ಅದು ಕೆನ್ನಮೆಟಲ್ ಇಂಡಿಯಾ. ಕಾಲೇಜಿನ ದಿನಗಳಲ್ಲಿ ತಿಪಟೂರಿನ ಬಸ್ಸಿನಿಂದ ಆ ಬೋರ್ಡನ್ನು ಎಷ್ಟು ಸಲ ನೋಡಿದ್ದೇನೋ. ಪೀಣ್ಯದ ಲೇತ್ ಶಾಪುಗಳಲ್ಲಿ ಕಾರ್ಬೈಡಿಗೆ ವಿಡಿಯಾ ಎಂದೇ ಹೆಸರು. ಅದು ಕಂಪನಿಯ ಹೆಸರು ಎಂದು ಮಾತ್ರ ಗೊತ್ತಿತ್ತು. ಅರ್ಥ ಗೊತ್ತಾದದ್ದು ಈ ದೇಶದಲ್ಲಿ ಒಂದು ಬಿಟ್ ಕೊಳ್ಳಲು ಹೋದಾಗ.

ಈಗ ಆ ಬಿಟ್ಟಿನ ಆಯ್ಕೆ. ಅಂಗಡಿಯ ಗೋಡೆಯ ಮೇಲೆ ನೂರಾರು ನೇತಾಡುತ್ತಿದ್ದವು. ನಾನು ಮೂರು ವಾರ ತಲೆ ಕೆಡಿಸಿಕೊಂಡೆ. ಮೊದಲನೆಯದು ಅಗಲ. ಹಲಗೆಯ ದಪ್ಪದ ಮೂರನೆಯ ಒಂದು ಭಾಗ ಕುಳಿ, ಎರಡು ಪಕ್ಕ ಒಂದೊಂದು ಭಾಗ ಗೋಡೆ ಎನ್ನುವುದು ಹಳೆಯ ಬಡಗಿಗಳ ಲೆಕ್ಕ. ನನ್ನ ಅಡ್ಡಪಟ್ಟಿ 25 ಮಿಲಿಮೀಟರ್ ದಪ್ಪ, ಹಾಗಾಗಿ 8 ಮಿಲಿಮೀಟರ್ ಬಿಟ್. 6ರದ್ದು ಅಗ್ಗ, ಆದರೆ ಸರಳಿನ ಬಿಗಿ ಅದರ ವ್ಯಾಸದ ನಾಲ್ಕನೆಯ ಘಾತದಂತೆ ಏರುತ್ತದೆ. 6ರಿಂದ 8ಕ್ಕೆ ಹೋದರೆ ಬಿಗಿ ಮೂರು ಪಟ್ಟಿಗೂ ಹೆಚ್ಚು. ಹೊರಚಾಚಿದ ಉದ್ದಕ್ಕೆ ಲೆಕ್ಕ ಉಲ್ಟಾ: 40 ಮಿಲಿಮೀಟರ್ ಚಾಚಿದ್ದನ್ನು 60 ಮಾಡಿದರೆ ಬಾಗುವುದು ಮೂರು ಪಟ್ಟಿಗೂ ಹೆಚ್ಚು. ಬಾಗಿದ ಬಿಟ್ ತೋಡಿದ ಕುಳಿಯ ಗೋಡೆ ಓರೆಯಾಗುತ್ತದೆ, ನಾಲಗೆ ಸಡಿಲವಾಗುತ್ತದೆ. ಆದ್ದರಿಂದ ಬೇಕಾದ ಆಳಕ್ಕಿಂತ ಉದ್ದದ ಬಿಟ್ ಕೊಳ್ಳಬಾರದು. ಯುರೋಪಿನ ಮನೆಬಳಕೆಯ ರೌಟರುಗಳಲ್ಲಿ ಬಿಟ್ಟಿನ ಹಿಡಿಕೆ ಸಾಮಾನ್ಯವಾಗಿ 8 ಮಿಲಿಮೀಟರ್. ಅಲಗೂ 8, ಹಿಡಿಕೆಯೂ 8 ಆದರೆ ನಡುವೆ ಸೊರಗಿದ ಕುತ್ತಿಗೆ ಇರುವುದಿಲ್ಲ.

ಎರಡನೆಯದು ಆಕಾರ. ನೇರ ಅಲಗಿನ ಬಿಟ್ ಅಗ್ಗ. ಅದನ್ನೇ ಕೊಳ್ಳುವುದಾದರೆ ತುದಿಯ ನಡುವೆಯೂ ಕತ್ತರಿಸುವ ಅಂಚಿದೆಯೇ ನೋಡಬೇಕು. ಇಲ್ಲದಿದ್ದರೆ ಒತ್ತಿದಾಗ ಮರದೊಳಗೆ ಇಳಿಯದೆ ಉಜ್ಜಿ ಸುಡುತ್ತದೆ. ಸುರುಳಿ ಅಲಗಿನಲ್ಲಿ ಎರಡು ಬಗೆ. ಕೆಳಗೆ ತಳ್ಳುವ ಸುರುಳಿ ಮೇಲ್ಮೈಯನ್ನು ನಾಜೂಕಾಗಿ ಕೊಯ್ಯುತ್ತದೆ, ಆದರೆ ಪುಡಿಯನ್ನು ಕುಳಿಯಲ್ಲೇ ತುಂಬುತ್ತದೆ. ಮೇಲೆತ್ತುವ ಸುರುಳಿ ಬಾವಿಯಿಂದ ಮಣ್ಣೆತ್ತಿದಂತೆ ಪುಡಿಯನ್ನು ಹೊರಹಾಕುತ್ತದೆ. ಬಾಯಿಯ ಅಂಚು ಕೊಂಚ ಎದ್ದರೂ ಜೋಡಿಸಿದ ಮೇಲೆ ಅದು ಕಾಣುವುದಿಲ್ಲ. ಆಳದ ಕುಳಿಗೆ ಇದೇ ಸರಿ. ಇಡೀ ಕಾರ್ಬೈಡಿನದಾದರೆ ಓಕ್ ಮರಕ್ಕೂ ಬಹಳ ದಿನ ಮೊನೆ ಹೋಗುವುದಿಲ್ಲ.

ಇದಕ್ಕೊಂದು ಅಪಾಯವಿದೆ, ನಾನು ಅನುಭವಿಸಿದ್ದು. ಮೇಲೆತ್ತುವ ಸುರುಳಿ ಮರವನ್ನು ಮೇಲೆಳೆಯುವಾಗ ತಾನು ಕೆಳಗೆ ಸರಿಯಲು ನೋಡುತ್ತದೆ. ನಾನು ಹಿಡಿಕೆಯ ಮೇಲಿನ ಎಣ್ಣೆ ಒರೆಸದೆ, ಅರ್ಧ ಮಾತ್ರ ತೂರಿಸಿ ಬಿಗಿದಿದ್ದೆ. ಬಿಟ್ ಮೆಲ್ಲಗೆ ಜಾರಿ, 30 ಮಿಲಿಮೀಟರ್ ಆಗಬೇಕಿದ್ದ ಕುಳಿ 36 ಆಯಿತು. ಪುಣ್ಯಕ್ಕೆ ಅದು ಪರೀಕ್ಷೆಯ ತುಂಡು. ಆಮೇಲಿಂದ ಹಿಡಿಕೆ, ಕಾಲೆಟ್ ಎರಡನ್ನೂ ಒರೆಸಿ, ಪೂರ್ತಿ ಒಳಗೆ ಬಿಟ್ಟು ಎರಡು ಮಿಲಿಮೀಟರ್ ಮಾತ್ರ ಹಿಂದೆಳೆದು ಬಿಗಿಯುತ್ತೇನೆ. ಒಮ್ಮೆಗೆ 5 ಮಿಲಿಮೀಟರಿನಂತೆ ಆರು ಸಲ ಇಳಿಸುತ್ತೇನೆ. ನಾಲಗೆಯನ್ನು ಅದೇ ಓಕ್ ಮರದಿಂದ ಸೀಳಿ, ಕೈಯಿಂದ ಒತ್ತಿದರೆ ಕೂರುವಷ್ಟು ಹೆರೆದೆ. ಸುತ್ತಿಗೆ ಬೇಕಾದರೆ ದಪ್ಪ ಹೆಚ್ಚು, ತಾನೇ ಬಿದ್ದರೆ ಕಡಿಮೆ. ಅಂಟಿಗೆ ಜಾಗ ಉಳಿಯಲೆಂದು ಉದ್ದ 58 ಮಿಲಿಮೀಟರ್ ಮಾತ್ರ. ರೋಮನ್ನರು ಹೊಡೆದ ಬೆಣೆಯ ಕೆಲಸವನ್ನು ಇಲ್ಲಿ ಅಂಟು ಮಾಡುತ್ತದೆ. ಕುಳಿಯ ಅಗಲವಾದ ಗೋಡೆಗಳ ಉದ್ದಕ್ಕೂ ಎಳೆಗೆ ಎಳೆ ಕೂಡಿರುತ್ತದೆ.

ಬೆಂಚಿಗೆ ಒಟ್ಟು ಹದಿನಾರು ಕುಳಿ, ಎಂಟು ನಾಲಗೆ. ಕುಳಿ ತೋಡಲು ಒಂದು ಮಧ್ಯಾಹ್ನ ಸಾಕಾಯಿತು. ಕಿರೇನಿಯಾದ ಬಡಗಿಯ ಸಾವಿರಾರು ಕುಳಿಗಳನ್ನು ನೆನೆದು ಗ್ಯಾರೇಜಿನಲ್ಲಿ ಒಬ್ಬನೇ ನಾಚಿಕೊಂಡೆ. ಅಂಟು ಒಣಗಿದ ಮೇಲೆ ನಾನೂ ಮಗನೂ ಒಟ್ಟಿಗೆ ಕೂತೆವು, ಒಂದೊಂದು ಪಕ್ಕಕ್ಕೆ ವಾಲಿದೆವು, ಎದ್ದೆವು, ಮತ್ತೆ ಕೂತೆವು. ಅಲುಗಲಿಲ್ಲ.

ಕಳೆದ ವಾರ ಅಮ್ಮ ಬಂದಳು. ಹೊಸ ಬೆಂಚನ್ನು ಬಗ್ಗಿಸಿ ಕೆಳಗೆಲ್ಲ ನೋಡಿದಳು.

"ಮೊಳೆ ಎಲ್ಲೋ?"

"ಮೊಳೆ ಇಲ್ಲಮ್ಮ, ಒಳಗೂ ಮರಾನೇ ಇರೋದು."

"ಕಾಣಲ್ವಲ್ಲೋ."

"ಕಾಣಲ್ಲ."

ಮೊದಲ ದಿನ ಒಂದು ಕೈಯನ್ನು ಗೋಡೆಗೆ ಆನಿಸಿಕೊಂಡೇ ಕೂತಳು. ಎರಡನೆಯ ದಿನವೂ ಹಾಗೇ. ನಾನು ಏನೂ ಹೇಳಲಿಲ್ಲ. ನಿನ್ನೆ ಬೆಳಗ್ಗೆ ಆಫೀಸಿಗೆ ಹೊರಡುವಾಗ ಇಣುಕಿ ನೋಡಿದೆ. ಒಂದು ಕೈಯಲ್ಲಿ ಗಂಟೆ ಇತ್ತು, ಇನ್ನೊಂದರಲ್ಲಿ ಆರತಿ ತಟ್ಟೆ.